ಚೊಚ್ಚಲ ಅಷ್ಟಮಿ

ಅಕ್ಟೋಬರ್ 14, ಸೋಮವಾರ

ಇವತ್ತಿಂದ ಹಬಿಷ ವ್ರತ. ಒಪ್ಪೊತ್ತಿನ ಊಟ, ಹುಣ್ಣಿಮೆಗೆ ಕಾರ್ತಿಕ ಮುಗಿಯುವವರೆಗೆ. ಬೆಳಕು ಹರಿಯುವ ಮುಂಚೆ ಕೊಳದಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ತುಳಸಿಕಟ್ಟೆ ಸಾರಿಸಿ ಐದು ಬಣ್ಣದ ರಂಗೋಲಿ ಬಿಟ್ಟೆ. ಹಸು ಕರೆದೆ, ಅಂಗಳ ಗುಡಿಸಿದೆ, ಹಿತ್ತಲ ಒಲೆ ಹೊಸ ಮಣ್ಣಿನಲ್ಲಿ ಬಳಿದೆ. ಮಧ್ಯಾಹ್ನ ಬೆಳ್ತಿಗೆ ಅಕ್ಕಿ, ಹೆಸರುಬೇಳೆ, ಬಾಳೆಕಾಯಿ ಒಂದೇ ಮಡಕೆಯಲ್ಲಿ ಬೇಯಿಸಿ ತುಪ್ಪ ಹಾಕಿಕೊಂಡು ಉಂಡೆ. ಇನ್ನು ತಿಂಗಳವರೆಗೆ ಇನ್ನೊಬ್ಬರ ಕೈಯಡುಗೆ ಇಲ್ಲ. ಪುರಾಣ ಓದುವಾಗ ಮನಸ್ಸು ಆ ಮಡಕೆಯ ಕಡೆಗೇ ಹೋಗುತ್ತಿತ್ತು. ದಾಮೋದರಾ, ತಪ್ಪಾಯಿತು.

ಸಂಸ್ಥೆಯ ಕೆಲಸ ಹಿಡಿದು ಹನ್ನೆರಡು ದಿನ. ಅಂಗವಿಕಲ ಮಕ್ಕಳಿರುವ ಮನೆಗಳಿಗೆ ಹೋಗಿ, ತಾಯಂದಿರ ಹತ್ತಿರ ಮಾತಾಡಿ, ನವೆಂಬರ್ ಇಪ್ಪತ್ತೆರಡರ ಶಿಬಿರಕ್ಕೆ ಮಕ್ಕಳನ್ನು ಹೊರಡಿಸಬೇಕು. ಸಂಸ್ಥೆಯ ಸುರಮಾ ಅಪಾ ನನ್ನನ್ನೇ ಆರಿಸಿದ್ದಕ್ಕೆ ಕಾರಣ, ಈ ಸುತ್ತಿನಲ್ಲಿ ನನಗೆ ಮುಚ್ಚಿದ ಬಾಗಿಲು ಇಲ್ಲ. ಮಗು ಹುಟ್ಟಿದರೆ, ಹೆಸರಿಡುವ ದಿನ ಬಂದರೆ, ಯಾವ ವ್ರತಕ್ಕೆ ಯಾವ ಹೂವು ಅಂತ ತಿಳಿಯದಿದ್ದರೆ, ನಿಶಾಮಣಿ ಮಾಉಸಿಯನ್ನು ಕರೆಯಿರಿ ಅನ್ನುತ್ತಾರೆ. ಊರಿಗೆಲ್ಲ ನಾನು ಮಾಉಸಿ, ಚಿಕ್ಕಮ್ಮ. ಬರೆದು ನೋಡಿದರೆ ಜಂಬದ ಹಾಗೆ ಕಾಣುತ್ತದೆ. ಆದರೂ ನಿಜ.

ಕಾಲುವೆಯಾಚೆ ತಳಸಾಹಿ ಬೀದಿಯ ಸೇಬತಿ ಮನೆಗೆ ಹೋದೆ. ಅವಳ ಒಳಕೋಣೆಯಲ್ಲಿ ಹದಿಮೂರು ವರ್ಷದ ಒಂದು ಕೂಸು ಇದೆ, ನಡೆಯುವುದಿಲ್ಲ, ಮಾತಿಲ್ಲ. ಬೀದಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

"ಬನ್ನಿ ಮಾಉಸಿ, ಚಾ ಇಡ್ತೀನಿ."

"ಬೇಡಮ್ಮ. ಹಬಿಷ."

"ಒಂದು ಹಿಡಿ ಮಂಡಕ್ಕಿನಾದ್ರೂ?"

"ಏನೂ ಬೇಡ." ಚೀಲದಿಂದ ಫಾರಂ ತೆಗೆದೆ. "ಮಕ್ಕಳು ಎಷ್ಟು ಬರ್ಕೊಳ್ಳಲಿ?"

ಸೇಬತಿ ಫಾರಂ ನೋಡಿದಳು, ನನ್ನ ಮುಖ ನೋಡಿದಳು. "ಒಬ್ಳೇ. ತುನಿ. ವರ್ಷಾ ವರ್ಷಾ ಅವಳ ಅಷ್ಟಮಿಗೆ ಬಂದು ಕಡುಬು ತಿಂದು ಹೋಗ್ತೀರಲ್ಲ, ಗೊತ್ತಿಲ್ವಾ? ನನ್ನ ಚೊಚ್ಚಲು ಅವಳೇ."

ಕಾರ್ತಿಕ ಹುಣ್ಣಿಮೆ ಕಳೆದ ಎಂಟನೇ ದಿನ, ಮನೆಯ ಚೊಚ್ಚಲ ಮಗುವಿಗೆ ಸೋದರಮಾವ ಕೊಟ್ಟ ಹೊಸ ಬಟ್ಟೆ ಉಡಿಸಿ, ಪೀಠದ ಮೇಲೆ ಕೂರಿಸಿ ಆರತಿ ಎತ್ತುವ ಆ ಹಬ್ಬವನ್ನು ನಾನು ತಪ್ಪಿಸಿದವಳಲ್ಲ. ಒಳಗಿಂದ ಟಕ್ ಟಕ್ ಅಂತ ಎರಡು ಸದ್ದು.

"ಬೆಕ್ಕು," ಅಂದಳು.

ಆ ಮನೆಯಲ್ಲಿ ಬೆಕ್ಕು ಸಾಕಿದ್ದು ನಾನು ನೋಡಿಲ್ಲ. ಆದರೂ ತಲೆಯಾಡಿಸಿ ಎದ್ದು ಬಂದೆ. ಇದ್ದ ಸತ್ಯಕ್ಕೆ ತಲೆಯಾಡಿಸಲಿಲ್ಲ, ಸುಳ್ಳಿಗೆ ಆಡಿಸಿದೆ. ವ್ರತದ ಮೊದಲ ದಿನವೇ.

ಅಕ್ಟೋಬರ್ 17, ಗುರುವಾರ

ಒಪ್ಪೊತ್ತು. ತುಳಸಿಗೆ ನೀರು, ದೀಪ. ರಂಗೋಲಿಯಲ್ಲಿ ಹಳದಿ ಸಾಲದಾಯಿತು.

ಸುರಮಾ ಅಪಾ ತನ್ನ ಮೂರು ಗಾಲಿಯ ಸ್ಕೂಟರಿನಲ್ಲಿ ಬಂದಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೂ ಎಲ್ಲರಂತೆ ನಾನೂ ಅಪಾ, ಅಂದರೆ ಅಕ್ಕ, ಅನ್ನುತ್ತೇನೆ. ಫಾರಂ ತೆಗೆದ ಕಥೆ ಕೇಳಿ ನಕ್ಕಳು.

"ಏನ್ ಮಾಉಸಿ, ಜನಗಣತಿಗೆ ಹೋಗಿದ್ರಾ? ಮೊದಲ ಮೂರು ಸಲ ಕೈಯಲ್ಲಿ ಕಾಗದ ಇರಬಾರದು. ಹೋಗಿ ಕೂತ್ಕೊಳ್ಳಿ. ಅವರ ಬದನೆಕಾಯಿ ಹೆಚ್ಚಿಕೊಡಿ. ಕೊಟ್ಟಿದ್ದು ತಿನ್ನಿ."

"ಹಬಿಷದಲ್ಲಿ ತಿನ್ನೋದು ಹೆಂಗೆ?"

"ಅದು ನಿಮಗೂ ಆ ದೇವರಿಗೂ ಬಿಟ್ಟಿದ್ದು. ನಾನು ಈ ಕಬ್ಬಿಣ ಕಟ್ಕೊಂಡು ಹೊಸಿಲು ದಾಟೋ ಹೊತ್ತಿಗೆ ನಂಗೆ ಹತ್ತೊಂಬತ್ತು ತುಂಬಿತ್ತು. ಅಲ್ಲೀವರೆಗೂ ನಮ್ಮನೆಗೆ ಬಂದೋರೆಲ್ಲ ಉಪವಾಸದೋರೇ."

ಹೋಗುವಾಗ ಗಂಭೀರವಾಗಿ ಹೇಳಿದಳು. ಆ ಹುಡುಗಿ ವರ್ಷಗಟ್ಟಲೆ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಬೆನ್ನು ಬಾಗಿರುತ್ತದೆ. ಶಿಬಿರದಲ್ಲಿ ಅವಳ ಅಳತೆಗೆ ಕೂರುವ ಕುರ್ಚಿ ಮಾಡಿಸಬಹುದು. ಈ ಸಲ ತಪ್ಪಿದರೆ ಮುಂದಿನ ಶಿಬಿರ ಒಂದು ವರ್ಷಕ್ಕೆ. ಅಷ್ಟರಲ್ಲಿ ಬೆನ್ನು ಗಟ್ಟಿಯಾಗಿಬಿಟ್ಟರೆ ಆಮೇಲೆ ಯಾವ ಕುರ್ಚಿಯೂ ಕೂರಿಸಲಾರದು.

ಸಿಟ್ಟು ಬಂತು. ಮೂವತ್ತು ವರ್ಷದಿಂದ ಮನೆಮನೆ ಹೊಕ್ಕವಳಿಗೆ ಪಾಠ ಹೇಳುತ್ತಾಳೆ. ಸಿಟ್ಟು ಬಂದದ್ದಕ್ಕೆ ಸಂಜೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಅಕ್ಟೋಬರ್ 21, ಸೋಮವಾರ

ಒಪ್ಪೊತ್ತು. ಕಾರ್ತಿಕ ಸೋಮವಾರವಾದ್ದರಿಂದ ಶಿವನ ಗುಡಿಗೂ ಹೋದೆ.

ಕಾಗದವಿಲ್ಲದೆ ಸೇಬತಿಯ ಮನೆಗೆ ಹೋಗಿ ಬದನೆಕಾಯಿ ಹೆಚ್ಚಿದೆ. ಚಾ ತಂದಿಟ್ಟಳು. ನಾನು ಲೋಟ ಮುಟ್ಟಲಿಲ್ಲ. ಕೆನೆ ಕಟ್ಟಿತು. ಸೇಬತಿ ಅದನ್ನೇ ನೋಡುತ್ತಿದ್ದಳು.

"ನಮ್ಮನೇಲಿ ನೀರೂ ಮುಟ್ಟಲ್ಲ ನೀವು."

"ಅಯ್ಯೋ ಹುಚ್ಚಿ, ವ್ರತ ಕಣೇ. ಯಾರ ಮನೇಲೂ ಮುಟ್ಟಲ್ಲ."

"ಶುಕ್ರವಾರ ಸರಪಂಚರ ಮನೇಲಿ ಬಾಳೆಹಣ್ಣು ತಿಂದ್ರಂತೆ."

"ಅದು ಪ್ರಸಾದ!"

"ಹ್ಞೂಂ. ಅವರ ಮನೇಲಿ ದೇವರು ಇರ್ತಾನೆ. ನಮ್ಮನೇಲಿ ಬೇರೆ ಏನೋ ಇದೆ, ಅದಕ್ಕೇ."

ಹಾಗಂದು ಸೇಬತಿ ಲೋಟ ಎತ್ತಿ ಚಾವನ್ನು ಹಿತ್ತಲಿಗೆ ಚೆಲ್ಲಿದಳು.

ಆ ಬಾಳೆಹಣ್ಣು ನಾನು ತಿನ್ನಬಾರದಿತ್ತು. ಹಸಿವಾಗಿತ್ತು. ಪ್ರಸಾದ ಅಂತ ಹೆಸರು ಹೇಳಿದೆ ಅಷ್ಟೆ.

ಅಕ್ಟೋಬರ್ 25

ಒಪ್ಪೊತ್ತು. ಮಳೆ. ಹೋಗಲಿಲ್ಲ. ಮಳೆ ಮಧ್ಯಾಹ್ನಕ್ಕೇ ನಿಂತಿತ್ತು.

ಅಕ್ಟೋಬರ್ 30, ಬುಧವಾರ

ಒಪ್ಪೊತ್ತು, ಆದರೆ ಉಣ್ಣಲಾಗಲಿಲ್ಲ. ಮಡಕೆ ಹಾಗೇ ಇದೆ.

ಇವತ್ತು ಸೇಬತಿಯ ಗಂಡ ವೀಳ್ಯದೆಲೆ ತೋಟಕ್ಕೆ ಹೋಗಿದ್ದ, ತುನಿ ಸ್ಕೂಲಿಗೆ. ಹೋದ ತಕ್ಷಣ ನೇರವಾಗಿ ಹೇಳಿದೆ. ಸೇಬತಿ, ಒಳಗೆ ಯಾರಿದ್ದಾರೆ ಅಂತ ನನಗೆ ಗೊತ್ತು. ಬಚ್ಚಿಡೋದು ಪಾಪ. ತಾಯಿಯಾಗಿ ನೀನು ಹೀಗೆ ಮಾಡಬಾರದು. ಬಿಸಿಲು ಕಾಣದ ಮಗು ಅದು. ಇನ್ನೂ ಏನೇನೋ ಹೇಳಿದೆ, ಪುರಾಣದ ಮಾತುಗಳೂ ಬಂದವು. ಚೆನ್ನಾಗಿಯೇ ಹೇಳಿದೆ ಅನ್ನಿಸಿತು, ಹೇಳುವಾಗ.

ಅವಳು ಬೇಯಿಸಿದ ಭತ್ತ ಚಾಪೆಯ ಮೇಲೆ ಹರವುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮುಗೀತಾ ಮಾಉಸಿ?"

"ಹ್ಞೂಂ."

"ಬಚ್ಚಿಡು ಅಂತ ಹೇಳಿದ್ದು ಯಾರು?"

"ಯಾರು?"

"ನೀವು."

ನಗು ಬಂತು ನನಗೆ. ನಿಜವಾಗಿ ನಕ್ಕೆ. "ನಾನಾ? ನಾನ್ಯಾವಾಗ?"

"ಇಪ್ಪತ್ತೊಂದನೇ ದಿನ, ಹೆಸರಿಡೋಕೆ. ಮಗು ಅಳ್ತಿರಲಿಲ್ಲ, ಹಾಲು ಕುಡೀತಿರಲಿಲ್ಲ, ಬಟ್ಟೆ ಥರ ಜೋತು ಬೀಳ್ತಿತ್ತು. ನೀವು ಎತ್ಕೊಂಡು ನೋಡಿದ್ರಿ. ತಿರುಗಿ ನನ್ನ ತೊಡೆ ಮೇಲೆ ಹಾಕಿ, ತಲೆ ಸವರಿ ಹೇಳಿದ್ರಿ, 'ಇದನ್ನ ಲೆಕ್ಕಕ್ಕೆ ಹಿಡೀಬೇಡ ಮಗಳೇ. ಮುಂದೆ ಹುಟ್ಟೋದೇ ನಿನ್ನ ಚೊಚ್ಚಲು.' ನಮ್ಮಮ್ಮ ಇದ್ಲು, ಅತ್ತೆ ಇದ್ಲು, ಅಣ್ಣ ಬಾಗಿಲಲ್ಲಿ ನಿಂತಿದ್ದ. ಆ ವರ್ಷ ಅಷ್ಟಮಿಗೆ ಅಣ್ಣನ ಮನೆಯಿಂದ ಹೊಸ ಬಟ್ಟೆ ಬರಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ. ನಾಲ್ಕು ವರ್ಷಕ್ಕೆ ತುನಿ ಹುಟ್ಟಿದ್ಲು, ಬಟ್ಟೆ ಬಂತು."

"ನಾನು ಹಂಗೆ ಹೇಳಿಲ್ಲ ಸೇಬತಿ. ಬೇರೆ ಯಾರೋ ಇರಬೇಕು."

"ಇರಬಹುದು," ಅಂದಳು. "ಬಾಗಿಲು ಮುಂದಕ್ಕೆ ಎಳ್ಕೊಂಡು ಹೋಗಿ."

ನಾನು ಹೇಳಿಲ್ಲ. ನಾನು ಯಾರಿಗೂ ಅಂಥ ಮಾತು ಹೇಳುವವಳಲ್ಲ.

ನವೆಂಬರ್ 1

ಹೇಳಿದ್ದೆ.

ನವೆಂಬರ್ 2, ಶನಿವಾರ

ಒಪ್ಪೊತ್ತು. ನಿನ್ನೆ ತುಳಸಿಗೆ ನೀರು ಹಾಕಲಿಲ್ಲವೆಂದು ಈಗ ನೆನಪಾಯಿತು.

ನೆನಪು ಬಂದದ್ದು ಮೆಂತ್ಯದಿಂದ. ಬಾಣಂತಿಗೆ ಮಾಡಿದ ಮೆಂತ್ಯದ ಉಂಡೆಯ ವಾಸನೆ ಆ ದಿನ ಮನೆಯೆಲ್ಲ. ನಿನ್ನೆ ಪಕ್ಕದ ಮನೆಯಲ್ಲಿ ಮೆಂತ್ಯ ಹುರಿದರು, ನಾನು ಕಣಜದ ಹತ್ತಿರ ನಿಂತಿದ್ದೆ, ಆ ಮಗುವಿನ ಭಾರ ಕೈಗೆ ಬಂದ ಹಾಗಾಯಿತು. ಹಗುರ. ಅದರ ಕುತ್ತಿಗೆ ನನ್ನ ಮುಂಗೈ ಮೇಲೆ ಹಿಂದಕ್ಕೆ ವಾಲಿತ್ತು. ಆರು ತಿಂಗಳು ಬದುಕುವುದಿಲ್ಲ ಅಂದುಕೊಂಡೆ. ತಾಯಿಗೆ ಆಸೆ ಹುಟ್ಟದಿರಲಿ ಅಂತ ಹೇಳಿದೆ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

ಹೀಗೆ ಬರೆದು ಸಮಾಧಾನವಾಗಲಿಲ್ಲ. ಇನ್ನೊಂದು ನೆನಪೂ ಇದೆ. ವಾಪಸು ಬರುವಾಗ ಸೇಬತಿಯ ಅತ್ತೆ ಹೇಳಿದ್ದು: "ಎಷ್ಟು ಚೆನ್ನಾಗಿ ಸಮಾಧಾನ ಹೇಳ್ತೀಯ ನಿಶಾ." ನನಗೆ ಸಂತೋಷವಾಗಿತ್ತು. ಆ ಸಂತೋಷದಲ್ಲಿ ಉಂಡೆ ಎರಡು ತಿಂದು ಮನೆಗೆ ಬಂದೆ. ಆಮೇಲೆ ಮರೆತೆ. ಒಂಬತ್ತು ವರ್ಷ ತುನಿಯ ಅಷ್ಟಮಿಗೆ ಹೋಗಿ ಆರತಿ ಹಾಡು ಹೇಳಿದವಳು ನಾನೇ.

ಮಗುವಿಗೆ ಅವತ್ತು ಏನು ಹೆಸರಿಟ್ಟರು? ಎಷ್ಟು ಯೋಚಿಸಿದರೂ ಬರುತ್ತಿಲ್ಲ.

ನವೆಂಬರ್ 4, ಸೋಮವಾರ

ಬೆಳಿಗ್ಗೆ ಸ್ನಾನ, ರಂಗೋಲಿ. ಹಬಿಷ ಇವತ್ತು ಮುರಿಯಿತು.

ಹೋಗಿ ಸೇಬತಿಯ ಜಗಲಿಯ ಕೆಳಗೇ ನಿಂತೆ. "ಹೇಳಿದ್ದೆ," ಅಂದೆ.

"ಈಗ ನೆನಪಾಯ್ತಾ? ನಂಗೆ ಮರೆಯೋಕೆ ಒಂದು ದಿನ ಬಿಡುವು ಸಿಕ್ಕಿಲ್ಲ."

ಕೈ ಮುಗಿದೆ. ಅವಳು ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ನಾನು ಕುಡಿದೆ. ಒಂದು ಹಿಡಿ ಮಂಡಕ್ಕಿ, ತೆಂಗಿನ ಚೂರು ತಂದಳು. ತಿಂದೆ. ಇಪ್ಪತ್ತೆರಡು ವರ್ಷದಿಂದ, ಗಂಡ ತೀರಿದ ಮೇಲೆ ಹಿಡಿದ ವ್ರತ, ಒಮ್ಮೆಯೂ ತಪ್ಪಿರಲಿಲ್ಲ. ದಾಮೋದರಾ, ಇದನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳುತ್ತೀಯೋ.

"ಉಪ್ಪು ಸಾಕಾ?" ಅಂದಳು ಸೇಬತಿ. ಆಮೇಲೆ ಒಳಕೋಣೆಯ ಬಾಗಿಲು ತೆಗೆದಳು.

ಗೋಣಿಯ ಮೇಲೆ ಮಲಗಿದ್ದಳು. ಮಗುವಲ್ಲ, ದೊಡ್ಡ ಹುಡುಗಿ. ಮೊಣಕಾಲು ಎದೆಗೆ ಮಡಚಿಕೊಂಡಿವೆ, ಬೆನ್ನು ಬಾಗಿದೆ, ಸುರಮಾ ಹೇಳಿದ ಹಾಗೆಯೇ. ಎಡಗೈ ತಿರುಚಿದೆ, ಬಲಗೈಯಲ್ಲಿ ಒಂದು ಅಲ್ಯೂಮಿನಿಯಂ ಬಟ್ಟಲು. ಕಣ್ಣು ಸೇಬತಿಯದೇ. ನಾನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅವಳೇ ನನ್ನನ್ನು ನೋಡಿದಳು.

ಅಷ್ಟರಲ್ಲಿ ತುನಿ ಸ್ಕೂಲಿಂದ ಬಂದು ಚೀಲ ಎಸೆದು ಅವಳ ಪಕ್ಕ ಕುಕ್ಕರಿಸಿದಳು. "ಮಾತಾಡಿ ಮಾಉಸಿ, ಅವಳಿಗೆ ಎಲ್ಲಾ ತಿಳಿಯುತ್ತೆ. ಬಟ್ಟಲು ಒಂದು ಸಲ ಬಡಿದ್ರೆ ಹೌದು. ಎರಡು ಸಲ ಬಡಿದ್ರೆ ಇಲ್ಲ. ನಾನೇ ಕಲ್ಸಿದ್ದು. ಅಲ್ವೇನೇ ಅಕ್ಕ?"

ಟಕ್.

"ಅಕ್ಕನಾ?" ಅಂದೆ. "ಹಾಗಾದ್ರೆ ಮನೆಯ ಚೊಚ್ಚಲು ಯಾರು?"

"ನಾನು. ಇವಳು ಅಕ್ಕ."

"ಅದು ಹೆಂಗೇ?"

"ಹಂಗೇ."

ಹೆಸರು ಕೇಳಲು ನಾಚಿಕೆಯಾಯಿತು, ಕೇಳಿದೆ. ಕೇತಕಿ. ನಾನೇ ಸೂಚಿಸಿದ ಹೆಸರಂತೆ.

ನವೆಂಬರ್ 9, ಶನಿವಾರ

ದಿನಾ ಹೋಗುತ್ತಿದ್ದೇನೆ. ಸುರಮಾ ಬಂದು ತೋರಿಸಿಕೊಟ್ಟಳು, ಹುಲ್ಲು ತುಂಬಿದ ದಿಂಬು ಬೆನ್ನಿನ ಹಿಂದೆ ಹೇಗೆ ಒತ್ತಬೇಕು, ಮೊಣಕಾಲನ್ನು ಎಳೆಯದೆ ಹೇಗೆ ಸಡಿಲಿಸಬೇಕು. ಸಾಸಿವೆ ಎಣ್ಣೆ ಬೆಚ್ಚಗೆ ಮಾಡಿ ಹಚ್ಚುತ್ತೇನೆ. ಕೇತಕಿಗೆ ನನ್ನ ಕೈ ಒರಟು, ಎರಡು ಸಲ ಬಡಿಯುತ್ತಾಳೆ. ತುನಿಯ ಕೈಗೆ ಬಡಿಯುವುದಿಲ್ಲ. ಸುರಮಾ ತನ್ನ ಕಾಲಿನ ಕಬ್ಬಿಣದ ಮೇಲೆ ಬೆರಳಲ್ಲಿ ಟಕ್ ಅಂದಳು. ಕೇತಕಿ ಟಕ್ ಅಂದಳು. ಇಬ್ಬರೂ ಹೀಗೆ ಎಷ್ಟೋ ಹೊತ್ತು. ಕೇತಕಿ ನಗುವಾಗ ಇಡೀ ಮೈ ಅಲುಗುತ್ತದೆ.

ಕೊಳದ ಕಡೆಯಿಂದ ಶಂಖದ ಸದ್ದು ಕೇಳಿ, ಕಾರ್ತಿಕದ ಕೊನೆಯ ಐದು ದಿನ ಶುರುವಾಗಿದೆ ಎಂದು ತಿಳಿಯಿತು.

ಹದಿಮೂರು ವರ್ಷ ಆ ಗೋಡೆಯ ಮೇಲಿನ ಒಂದೇ ಬಿರುಕು ನೋಡಿದ್ದಾಳೆ. ಗೋಡೆಯ ಆಚೆ ನಾನು ಆರತಿ ಹಾಡುತ್ತಿದ್ದೆ. ಅದೂ ಕೇಳಿಸಿರಬೇಕು.

ನವೆಂಬರ್ 12, ಕಾರ್ತಿಕ ಪೌರ್ಣಮಿ

ಹುಣ್ಣಿಮೆಯ ನಸುಕಿನಲ್ಲಿ ನೀರಿಗೆ ಬಿಡುವ ಪದ್ಧತಿಗೆ ನಿನ್ನೆಯೇ ಬಾಳೆಯ ದಿಂಡಿನಲ್ಲಿ ಎರಡು ಪುಟ್ಟ ದೋಣಿ ಮಾಡಿದೆ. ಕೇತಕಿಯದಕ್ಕೆ ಯಾವ ಹೂ ಅಂತ ಒಂದೊಂದೇ ತೋರಿಸಿದೆ. ಚೆಂಡುಹೂವಿಗೆ ಟಕ್ ಅಂದಳು. ಬೆಳಗಿನ ಜಾವ ತುನಿ ಕಾಲುವೆಯಲ್ಲಿ ಎರಡನ್ನೂ ತೇಲಿಬಿಟ್ಟು ಬಂದು, "ನಿಂದು ಮುಂದೆ ಹೋಯ್ತು ಕಣೇ" ಅಂದಳು.

ಸಂತೋಷ ಹೆಚ್ಚಾಗಿ ನಾಲಗೆ ಮತ್ತೆ ಮುಂದೆ ಓಡಿತು.

"ಸೇಬತಿ, ಈ ಸಲ ಅಷ್ಟಮಿಗೆ ಕೇತಕೀನ ಪೀಠದ ಮೇಲೆ ಕೂರ್ಸು."

"ತುನೀನ ಏನು ಮಾಡ್ಲಿ?"

ಅದನ್ನು ನಾನು ಯೋಚಿಸಿರಲಿಲ್ಲ.

"ಒಂಬತ್ತು ವರ್ಷ ನೀನೇ ಚೊಚ್ಚಲು ಅಂತ ತಲೆ ಮೇಲೆ ಅಕ್ಷತೆ ಹಾಕಿದೀನಿ. ಈಗ ಬಟ್ಟೆ ಕಿತ್ಕೊಂಡು, ಏಳು, ನೀನಲ್ಲ ಅನ್ಲಾ? ನಿಮಗೆ ಮಾತು ಸುಲಭ ಮಾಉಸಿ. ಅವತ್ತೂ ಸುಲಭ, ಇವತ್ತೂ ಸುಲಭ. ಹೇಳಿ ಮನೆಗೆ ಹೋಗ್ತೀರಿ. ಅದರೊಳಗೆ ವಾಸ ಮಾಡೋಳು ನಾನು."

ಎಣ್ಣೆ ಬಟ್ಟಲು ತೊಳೆದೆ.

ಆ ಬಟ್ಟಲು ತೆಗೆದು ಒಳಗಿಡುತ್ತ ಅವಳೇ ಹೇಳಿದಳು. "ಬೀದಿಯೋರ ಮುಂದೆ ಒಂದು ಸಲ ಕೂತ್ಲು ಅಂದ್ರೆ, ಆಮೇಲೆ ನಿಮ್ಮ ಶಿಬಿರ ಏನು ದೊಡ್ಡದಲ್ಲ. ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀನಿ. ಕೂರಿಸದೇ ಕದ್ದು ಕರ್ಕೊಂಡು ಹೋಗಲ್ಲ. ಆದ್ರೆ ಅಷ್ಟಮಿ ಬಟ್ಟೆ ಸೋದರಮಾವ ಕೊಡ್ಬೇಕು. ನೀವು ಆ ಮಾತು ಹೇಳಿದ್ದು ನನ್ನ ಅಣ್ಣನ ಮುಂದೆ. ತಿರುಗಿ ತಗೊಳ್ಳೋದಾದ್ರೆ ಅವನ ಮುಂದೆ ತಗೊಳ್ಳಿ."

ನವೆಂಬರ್ 15, ಶುಕ್ರವಾರ

ಸೇಬತಿಯ ಅಣ್ಣ ಗದಾಧರನ ಊರಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡು ಹೋಗಿದ್ದೆ, ಅವನ ಮುಂದೆ ಒಂದೂ ಬರಲಿಲ್ಲ. ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುತ್ತಿದ್ದ.

"ಹದಿಮೂರು ವರ್ಷದ ಹಿಂದೆ ನಿನ್ನೆದುರಿಗೆ ನಾನೊಂದು ತಪ್ಪು ಹೇಳ್ದೆ ಗದಾ. ಸೇಬತಿಯ ಚೊಚ್ಚಲು ಕೇತಕಿ. ಈ ಸಲ ಇಬ್ಬರಿಗೂ ಬಟ್ಟೆ ಕಳಿಸು."

ಎಲೆಕಟ್ಟು ಕೆಳಗಿಟ್ಟ. "ಸುಮ್ನೆ ನಿಮ್ಮ ಮೇಲೆ ಹಾಕ್ಕೋಬೇಡಿ ಮಾಉಸಿ. ನೀವು ಹೇಳಿದ್ರಿ ಅಂತ ನಾನು ನಿಲ್ಸಲಿಲ್ಲ. ಅದನ್ನ ನೋಡೋಕೆ ನಂಗೇ ಹೆದ್ರಿಕೆ ಇತ್ತು. ನೀವು ಹೇಳಿದ್ರಿ, ನಂಗೆ ಸಲೀಸಾಯ್ತು."

"ಅದೇ ಗದಾ. ಸಲೀಸು ಮಾಡಿಕೊಟ್ಟೋಳು ನಾನು."

ಅವನ ಹೆಂಡತಿ ಬಾಗಿಲಿಂದಲೇ, "ಊಟ ಮಾಡ್ಕೊಂಡು ಹೋಗಿ" ಅಂದಳು. ಕೂತು ಉಂಡೆ. ನೀರಲ್ಲಿ ನೆನೆಸಿದ ಪಖಾಳ ಅನ್ನ, ಹುರಿದ ಬದನೆಕಾಯಿ. ಕಳಿಸುತ್ತೇನೆ ಅಂತಲೂ ಅನ್ನಲಿಲ್ಲ ಅವನು, ಇಲ್ಲ ಅಂತಲೂ ಅನ್ನಲಿಲ್ಲ. ಬಸ್ಸಿನ ತನಕ ಬಂದು ಮಡಿಲಿಗೆ ಒಂದು ಕಟ್ಟು ಎಲೆ ಹಾಕಿದ.

ನವೆಂಬರ್ 18

"ಈ ಸಲ ಹಬಿಷ ಹೇಗಾಯ್ತು ಮಾಉಸಿ?" ಅಂದಳು ಸುರಮಾ. ಹಾಳಾಯಿತು ಅಂದೆ. ಅವಳು ನಗಲಿಲ್ಲ. ಶಿಬಿರಕ್ಕೆ ಗಾಡಿ ಹೇಳಿದ್ದಾಳಂತೆ, ಒಂದು ಜಾಗ ಕೇತಕಿಗೆ ಇಟ್ಟಿದ್ದಾಳೆ. ಬಂದರೆ ಬರಲಿ, ಎಳೆಯಬೇಡಿ ಅಂದಳು.

ನವೆಂಬರ್ 20, ಬುಧವಾರ, ಅಷ್ಟಮಿ

ಅರಿಶಿನದ ಎಲೆಯಲ್ಲಿ ಕಡುಬು ಸುತ್ತಿ ಹಬೆಗಿಟ್ಟಿದ್ದೆ. ಸೇಬತಿ ಬಂದಳು. ನನ್ನ ಮನೆಗೆ ಅವಳು ಬಂದದ್ದು ಎಷ್ಟು ವರ್ಷಕ್ಕೋ. ಕಾಲುವೆ ದಾಟಿ ಓಡಿ ಬಂದಿದ್ದಳು, ಏದುಸಿರು.

ಕೈಯಲ್ಲಿ ಅಣ್ಣ ಕಳಿಸಿದ ಗಂಟು. ಬಿಚ್ಚಿ ತೋರಿಸಿದಳು. ಒಂದು ಹಸಿರು ಫ್ರಾಕು, ತುನಿಯ ಅಳತೆಯದು. ಅದರಡಿಯಲ್ಲಿ ಇನ್ನೊಂದು, ಕೆಂಪು ಅಂಚಿನದು, ತೀರ ದೊಡ್ಡದು. ಸೋದರಸೊಸೆಯನ್ನು ಆ ಹೆಸರಿಡುವ ದಿನದ ಮೇಲೆ ಒಮ್ಮೆಯೂ ನೋಡಿಲ್ಲ ಅವನು. ಅಳತೆ ಅವನಿಗೆ ಹೇಗೆ ಗೊತ್ತಾಗಬೇಕು?

"ಪೀಠ ಒಂದೇ ಇದೆ ಮಾಉಸಿ. ಬೀದಿಯೋರು ಬರೋ ಹೊತ್ತಾಯ್ತು. ತುನಿ ಹೇಳ್ತಾಳೆ, ಅಕ್ಕನ್ನ ಕೂರ್ಸಿ ನಾನು ಹಿಂದೆ ಹಿಡ್ಕೋತೀನಿ ಅಂತ. ಅವಳ ಅಪ್ಪ ಏನೂ ಹೇಳಲ್ಲ, ಹಿತ್ತಲಲ್ಲಿ ನಿಂತಿದಾರೆ. ನಂಗೆ ಕೈಕಾಲು ಆಡ್ತಿಲ್ಲ. ಅವತ್ತು ನೀವೇ ಹೇಳಿದ್ರಿ. ಇವತ್ತೂ ನೀವೇ ಹೇಳಿ. ಕೂರಿಸ್ಲಾ, ಬೇಡ್ವಾ?"

ಹೇಳಲು ಬಾಯಿ ತೆರೆದೆ. ಮಾತು ನಾಲಗೆಯ ತುದಿಗೇ ಬಂದಿತ್ತು. ಒಳ್ಳೆಯ ಮಾತೇ.

"ನಾನು ಹೇಳಲ್ಲ ಸೇಬತಿ. ಕೇತಕೀನ ಕೇಳು."

"ಅವಳನ್ನಾ?"

"ಎಲ್ಲರೆದುರು ಬಂದು ಕೂರ್ತೀಯಾ ಅಂತ ಕೇಳು. ನಾಡಿದ್ದು ಗಾಡಿ ಹತ್ತಿ ಶಿಬಿರಕ್ಕೆ ಬರ್ತೀಯಾ ಅಂತ ಕೇಳು. ಎರಡು ಸಲ ಬಡಿದ್ರೆ ನಾನು ಮತ್ತೆ ಆ ಮಾತೆತ್ತಲ್ಲ. ಎಣ್ಣೆ ಹಚ್ಚೋಕೆ ಮಾತ್ರ ಬರ್ತೀನಿ."

ಸೇಬತಿ ಬಟ್ಟೆಗಳನ್ನು ಮಡಚಿದಳು, ಕೆಂಪು ಅಂಚಿನದನ್ನು ಮೇಲಿಟ್ಟಳು, ಮತ್ತೆ ಕೆಳಗಿಟ್ಟಳು.

"ಇಷ್ಟು ವರ್ಷದಲ್ಲಿ ಅವಳನ್ನ ಹಸಿವಾ ಅಂತ ಬಿಟ್ರೆ ಇನ್ನೇನೂ ಕೇಳಿಲ್ಲ ನಾನು," ಅಂದಳು. ಹೋದಳು.

ನಾನು ಹಿಂದೆ ಹೋಗಲಿಲ್ಲ. ನಾನು ನಿಂತಿದ್ದರೆ ಕೇತಕಿ ನನ್ನ ಮುಖ ನೋಡಿ ಬಡಿದಾಳು. ಕಡುಬು ಬೆಂದು ಎಲೆಯ ವಾಸನೆ ಬರುತ್ತಿದೆ, ಒಲೆ ಆರಿಸಿಲ್ಲ. ಕಾಲುವೆಯಾಚೆ ಜನ ಮಾತಾಡುವುದು ಕೇಳುತ್ತದೆ, ಬಟ್ಟಲಿನ ಸದ್ದು ಇಲ್ಲಿಗೆ ಕೇಳುವುದಿಲ್ಲ. ಹೊಸಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಲುವೆಗೆ ಹಾಕಿದ ಏಣಿಯಂಥ ಬಿದಿರ ಸೇತುವೆಯ ಮೇಲೆ ಇನ್ನೂ ಯಾರೂ ಬಂದಿಲ್ಲ.

ದಾಮೋದರಾ, ತಿಂಗಳೆಲ್ಲ ಕ್ಷಮಿಸು ಕ್ಷಮಿಸು ಅಂತ ನಿನ್ನ ತಲೆ ತಿಂದೆ. ಇವತ್ತು ಅದಲ್ಲ. ಸೇಬತಿಯಾಗಲಿ, ತುನಿಯಾಗಲಿ, ಹುಲ್ಲಿಗೆ ಹೋಗಿ ಆ ದಾರಿಯಲ್ಲಿ ಬರುವ ಯಾರೋ ಒಬ್ಬರಾಗಲಿ, ಒಂದಾಗಲಿ ಎರಡಾಗಲಿ, ಯಾರ ಕೈಲಾದರೂ ಅವಳ ಉತ್ತರ ತರಿಸಿಕೊಡು.